ಸ್ಪ್ಯಾನರಿನ ಬೆಲೆ ಕೊಡುವವರು ಯಾರು?

ವಾಹನಗಳ ಚರಿತ್ರೆಯಲ್ಲಿ ಎಂಜಿನ್ನು, ಕಾರ್ಖಾನೆ, ರಸ್ತೆಗಳ ಕತೆ ಧಾರಾಳವಾಗಿ ಸಿಗುತ್ತದೆ. ಅವನ್ನು ಬಿಚ್ಚಿ ಜೋಡಿಸುವ ಸ್ಪ್ಯಾನರು ಮಾತ್ರ ಅಡಿಟಿಪ್ಪಣಿಯಲ್ಲೂ ಕಾಣುವುದು ಅಪರೂಪ. ದುಡಿಮೆಯ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ, 'ದುಬಾರಿಯದನ್ನು ಕೊಳ್ಳಲೋ, ಅಗ್ಗದ್ದು ಸಾಕೋ' ಎಂಬ ಮೆಕ್ಯಾನಿಕ್ಕಿನ ಪ್ರಶ್ನೆಯ ಹಿಂದೆ ನೂರು ವರ್ಷಗಳ ಕತೆಯಿದೆ ಅನ್ನಿಸುತ್ತದೆ.

ಆ ಕತೆಯ ಒಂದು ಮುಖ್ಯ ತಿರುವು 1920ರಲ್ಲಿ, ಅಮೆರಿಕದ ಮಿಲ್ವಾಕಿಯಲ್ಲಿ ಕಾಣುತ್ತದೆ. ಅಲ್ಲಿಯವರೆಗೆ ಸಾಕೆಟ್ಟು ಮತ್ತು ಹಿಡಿ ಬಹುಮಟ್ಟಿಗೆ ಒಂದೇ ತುಂಡಾಗಿರುತ್ತಿದ್ದವು. ಜೋಸೆಫ್ ಜಾನ್ಸನ್ ಅವೆರಡನ್ನೂ ಬೇರ್ಪಡಿಸಿದ. 5 ಹಿಡಿ, 10 ಸಾಕೆಟ್ಟು ಸೇರಿದರೆ 50 ಉಪಕರಣಗಳ ಕೆಲಸವಾಗುತ್ತದೆ ಎಂಬುದು ಅವನ ಲೆಕ್ಕ. ಹೀಗೆ ಹುಟ್ಟಿದ್ದು ಸ್ನ್ಯಾಪ್-ಆನ್. ಇಂದು ದುಬಾರಿತನಕ್ಕೆ ಹೆಸರಾದ ಈ ಕಂಪನಿ ಶುರುವಾದದ್ದು ಉಳಿತಾಯದ ಮಾತಿನಿಂದ! ಮುಂದೆ ಅದು ಗ್ಯಾರೇಜುಗಳ ಬಾಗಿಲಿಗೇ ಹೋಗಿ, ಕಂತಿನ ಮೇಲೆ ಸರಕು ಕೊಡತೊಡಗಿತು. ಅಮೆರಿಕದಲ್ಲಿ ಮೆಕ್ಯಾನಿಕ್ಕು ಸಾಮಾನ್ಯವಾಗಿ ತನ್ನ ಉಪಕರಣಗಳನ್ನು ತಾನೇ ಕೊಳ್ಳಬೇಕು. ಹಾಗಾಗಿ ಒಳ್ಳೆಯ ಸ್ಪ್ಯಾನರಿನ ಜೊತೆಗೆ ಸಾಲವೂ ಅವನ ಪೆಟ್ಟಿಗೆ ಸೇರಿತು.

ಇನ್ನೊಂದು ದಾರಿ ತೋರಿಸಿದ್ದು ಸಿಯರ್ಸ್ ಅಂಗಡಿ. 1927ರಲ್ಲಿ ನೋಂದಾಯಿಸಿದ ಕ್ರಾಫ್ಟ್ಸ್‌ಮನ್ ಹೆಸರಿನ ಉಪಕರಣಗಳನ್ನು ಅದು ಬೇರೆ ಬೇರೆ ತಯಾರಕರಿಂದ ಮಾಡಿಸಿ ಮಾರಿತು. ಕೈ ಉಪಕರಣ ಮುರಿದರೆ ಜೀವನಪೂರ್ತಿ ಬದಲಿ ಕೊಡುವ ಭರವಸೆ ಅದರ ಹೆಗ್ಗಳಿಕೆಯಾಯಿತು. ಸಾಧಾರಣ ಬೆಲೆ ಕೊಟ್ಟವನಿಗೂ ನಂಬಿಕೆ ಸಿಕ್ಕಿತು.

ಹಾಗಾದರೆ ಹೆಚ್ಚಿನ ಬೆಲೆಗೆ ಸಿಗುವುದೇನು? ಒಳ್ಳೆಯ ಉಕ್ಕು, ಸರಿಯಾದ ಹದ, ಕರಾರುವಾಕ್ಕಾದ ಅಳತೆ. ಕಳಪೆ ಸ್ಪ್ಯಾನರಿನ ಬಾಯಿ ಒತ್ತಡಕ್ಕೆ ಅಗಲವಾಗಿ, ಜಾರಿ, ಬೋಲ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ. ಮೂಲೆ ಸವೆದ ಬೋಲ್ಟು ಬಿಚ್ಚುವ ಖರ್ಚು ಸ್ಪ್ಯಾನರಿನ ಬೆಲೆಯನ್ನೂ ಮೀರಬಹುದು. 1960ರ ದಶಕದಲ್ಲಿ ಸ್ನ್ಯಾಪ್-ಆನ್ ಮೂಲೆಯ ಬದಲು ಬೋಲ್ಟಿನ ಚಪ್ಪಟೆ ಬದಿಗೆ ಒತ್ತಡ ಬೀಳುವ ವಿನ್ಯಾಸಕ್ಕೆ ಪೇಟೆಂಟ್ ಪಡೆಯಿತು. ಪೇಟೆಂಟಿನ ಅವಧಿ ಮುಗಿದ ಮೇಲೆ ಅಂಥ ವಿನ್ಯಾಸ ಕಡಿಮೆ ಬೆಲೆಯ ಸಾಕೆಟ್ಟುಗಳಿಗೂ ಬಂತು. ದುಬಾರಿಗೂ ಅಗ್ಗಕ್ಕೂ ನಡುವಿನ ಅಂತರ ಕುಗ್ಗುವುದು ಹೀಗೆ.

ನಮ್ಮಲ್ಲಿ ಜಲಂಧರ್, ಲುಧಿಯಾನಗಳ ಕುಲುಮೆಗಳು ಸ್ಪ್ಯಾನರುಗಳನ್ನು ಹೊರದೇಶಗಳಿಗೂ ಕಳಿಸುತ್ತವೆ. ಇನ್ನು ಮೈಸೂರಿನಲ್ಲಿ ತಯಾರಾದ ಜಾವಾ ಬೈಕಿಗೆ ಬೇಕಾದದ್ದು ಮಿಲಿಮೀಟರ್ ಅಳತೆಯ ಸ್ಪ್ಯಾನರು; ಬ್ರಿಟಿಷ್ ಮೂಲದ ಹಳೆಯ ಬುಲೆಟ್ಟಿನ ಅಳತೆಗಳೇ ಬೇರೆ. ಅಳತೆ ತಪ್ಪಿದ ದುಬಾರಿ ಸ್ಪ್ಯಾನರಿಗಿಂತ ಅಳತೆ ಕೂಡಿಬರುವ ಅಗ್ಗದ್ದೇ ಮೇಲು.

ದಿನವೂ ಕೈಗೆ ಬರುವ, ಬಿಗಿದ ಬೋಲ್ಟಿಗೆ ಹಾಕುವ ನಾಲ್ಕಾರು ಅಳತೆಗಳು ಒಳ್ಳೆಯವಿರಲಿ, ವರ್ಷಕ್ಕೊಮ್ಮೆ ಬೇಕಾಗುವವು ಅಗ್ಗದವಾದರೂ ನಡೆದೀತು. ಇದು ಕೊಳ್ಳುವವನ ಲೆಕ್ಕ. ಆದರೆ ನಮ್ಮ ಸಣ್ಣ ಗ್ಯಾರೇಜುಗಳಲ್ಲಿ ಸ್ಪ್ಯಾನರು ಕೊಳ್ಳುವವನು ಸಾಮಾನ್ಯವಾಗಿ ಮಾಲೀಕ, ಹಿಡಿಯುವವನು ಕೆಲಸ ಕಲಿಯಲು ಬಂದ ಹುಡುಗ. ಸ್ಪ್ಯಾನರು ಜಾರಿದಾಗ ಸುಲಿಯುವುದು ಅವನ ಬೆರಳ ಗೆಣ್ಣು. ಉಳಿಸಿದ ಹಣ ಒಬ್ಬನ ಜೇಬಿಗೆ, ಗಾಯ ಇನ್ನೊಬ್ಬನ ಕೈಗೆ. ಉಪಕರಣದ ಚರಿತ್ರೆ ಬರೆಯುವಾಗ ಬೆಲೆಪಟ್ಟಿಯ ಜೊತೆಗೆ ಆ ಕೈಯನ್ನೂ ನೋಡಬೇಕು.