ಹೊಗೆಯುಗುಳುವ ಗರಗಸದ ನೆನಪು

ಮೊನ್ನೆ ಮಗನು ಬ್ಯಾಟರಿ ಗರಗಸದಿಂದ ಹಲಸಿನ ಒಣಕೊಂಬೆಯೊಂದನ್ನು ಕ್ಷಣದಲ್ಲಿ ತುಂಡರಿಸಿ, “ಇದು ಹೊಸ ಕಾಲದ್ದು, ಅಪ್ಪ” ಎಂದನು. ಇತಿಹಾಸದ ಮೇಷ್ಟರಾಗಿದ್ದವನು ಸುಮ್ಮನಿರಲಾದೀತೇ?

ವಾಸ್ತವದಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಮೊದಲು ನಿರ್ಮಿಸಿದ್ದು ವಿದ್ಯುತ್ ಗರಗಸವನ್ನೇ. ಅದನ್ನೆತ್ತಲು ಇಬ್ಬರು ಬೇಕಿತ್ತು. ಮೇಲಾಗಿ ಕಾಡಿನಲ್ಲಿ ವಿದ್ಯುತ್ತೆಲ್ಲಿ? 1929ರಲ್ಲಿ ಅವರ ಪೆಟ್ರೋಲ್ ಗರಗಸ ಬಂದಿತು. 1950ರಲ್ಲಿ ಅದು ಒಬ್ಬನೇ ಹಿಡಿಯುವಷ್ಟು ಹಗುರವಾಯಿತು. ಈಗ ಚಕ್ರ ಮರಳಿ ತಿರುಗಿದೆ. 2024ರಿಂದ ತಯಾರಾಗುವ ತೋಟದ ಸಣ್ಣ ಯಂತ್ರಗಳಲ್ಲಿ ಹೆಚ್ಚಿನವು ಹೊಗೆಯುಗುಳಬಾರದೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2021ರಲ್ಲಿಯೇ ನಿಯಮ ಮಾಡಿತು.

ಹೊಗೆ, ಕಿವಿಗಡಚಿಕ್ಕುವ ಸದ್ದು ಎಲ್ಲವೂ ನಿಜ, ನಿಯಮವೂ ನ್ಯಾಯವೇ. ಆದರೂ ಪೆಟ್ರೋಲಿಗೆ ಎಣ್ಣೆ ಬೆರೆಸಿ, ಪ್ಲಗ್ಗು ಒರೆಸಿ, ಹತ್ತು ಸಲ ಹಗ್ಗವೆಳೆದು, ಹನ್ನೊಂದನೆಯ ಸಲಕ್ಕೆ ಅದು ಗುಡುಗಿದಾಗಿನ ಸಂತೋಷವೇ ಬೇರೆ! ಹಿಂದಿನ ಬೆಂಚಿನ ಹಠಮಾರಿ ಹುಡುಗ ಕೊನೆಗೂ ಉತ್ತರ ಹೇಳಿದಂತೆ. ಚಾರ್ಜು ಮುಗಿದ ಯಂತ್ರವಾದರೋ ಮೌನವ್ರತ ಹಿಡಿಯುತ್ತದೆ. ಬೈದರೂ ಇಲ್ಲ, ಬೇಡಿದರೂ ಇಲ್ಲ.

ಇಷ್ಟೆಲ್ಲ ವಾದಿಸಿ, ಅಟ್ಟದಿಂದ ಹಳೆಯದನ್ನಿಳಿಸಿ ಹಗ್ಗವೆಳೆದೆ. ಮೂರನೆಯ ಸಲಕ್ಕೇ ರಟ್ಟೆ ಸೋತಿತು. ಮಗನು ನಗದೆ ಅದನ್ನು ಮರಳಿ ಅಟ್ಟಕ್ಕೇರಿಸಿದನು. ಗುಜರಿಗೆ ಹಾಕೋಣವೆಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.