ಬೆರಳ ತುದಿಗೆ ಬಂದ ಉಸಿರಿನ ಲೆಕ್ಕ

ಪಲ್ಸ್ ಆಕ್ಸಿಮೀಟರ್ ಎಂಬ ಪುಟ್ಟ ಉಪಕರಣ ಕೊರೊನಾ ರೋಗದ ಜೊತೆಗೇ ಹುಟ್ಟಿತೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಬಟ್ಟೆ ಒಣಗಿಸುವ ಕ್ಲಿಪ್ಪಿನಂತಿರುವ ಇದನ್ನು ತಾಳಗುಪ್ಪ, ಸಾಗರದ ಕಡೆಯ ಹೆಚ್ಚಿನ ಮನೆಗಳವರು ಮೊದಲು ಕಂಡದ್ದು 2020ರ ನಂತರವೇ. ಆದರೆ ಇದರ ಹಿಂದೆ ದೀರ್ಘವಾದ ಇತಿಹಾಸವಿದೆ.

ರಕ್ತವು ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಡನೆ ಬೆರೆತು, ಹೃದಯದ ಎಡಭಾಗಕ್ಕೆ ಮರಳುತ್ತದೆ ಎಂದು 13ನೇ ಶತಮಾನದಲ್ಲೇ ಬರೆದಿಟ್ಟವರು ಡಮಾಸ್ಕಸ್ಸಿನ ಬಳಿ ಹುಟ್ಟಿ ಕೈರೋದಲ್ಲಿ 1288ರಲ್ಲಿ ತೀರಿಕೊಂಡ ವೈದ್ಯ ಇಬ್ನ್ ಅಲ್-ನಫೀಸ್. ಅವರ ಬರಹ 1924ರಲ್ಲಿ ಈಜಿಪ್ಟಿನ ವೈದ್ಯ ಮುಹ್ಯಿದ್ದೀನ್ ಅತ್ತತಾವಿ ಅದನ್ನು ಬರ್ಲಿನ್ನಿನ ಗ್ರಂಥಾಲಯದಲ್ಲಿ ಗುರುತಿಸುವವರೆಗೆ ಹೆಚ್ಚು ಕಡಿಮೆ ಮರೆತೇ ಹೋಗಿತ್ತು. ರಕ್ತ ಗಾಳಿಯನ್ನು ಹೊರುತ್ತದೆ ಎಂಬುದು ತಿಳಿದರೂ, ಎಷ್ಟು ಹೊತ್ತಿದೆ ಎಂದು ಅಳೆಯುವ ದಾರಿ ಇರಲಿಲ್ಲ. ರೋಗಿಯ ತುಟಿ, ಉಗುರು ನೀಲಿಗಟ್ಟಿತೇ ಎಂದು ನೋಡುವುದೊಂದೇ ಉಪಾಯ. ಆ ನೋಟವೂ ಎಷ್ಟು ದುರ್ಬಲವೆಂಬುದು 1947ರಲ್ಲಿ ಕಾಮ್ರೋ ಮತ್ತು ಬೊಟೆಲ್ಯೊ ಎಂಬ ಸಂಶೋಧಕರ ಪರೀಕ್ಷೆಯಿಂದ ಗೊತ್ತಾಯಿತು. ಆಮ್ಲಜನಕದ ಪ್ರಮಾಣ ಶೇ. 80ರ ಆಸುಪಾಸಿಗೆ ಕುಸಿಯುವ ತನಕ ಅನುಭವಸ್ಥರ ಕಣ್ಣಿಗೂ ನೀಲಿ ಸರಿಯಾಗಿ ಕಾಣುತ್ತಿರಲಿಲ್ಲ.

ಬೆಳಕಿನಿಂದ ಅಳೆಯುವ ಯತ್ನ ಆ ಹೊತ್ತಿಗೆ ಆರಂಭವಾಗಿತ್ತು. ಜರ್ಮನಿಯ ಕಾರ್ಲ್ ಮ್ಯಾಥೆಸ್ 1935ರಲ್ಲಿ ಕಿವಿಗೆ ಬೆಳಕು ಹಾಯಿಸಿ ನೋಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಎತ್ತರದಲ್ಲಿ ಪ್ರಜ್ಞೆ ತಪ್ಪುವ ವಿಮಾನ ಚಾಲಕರಿಗಾಗಿ ಗ್ಲೆನ್ ಮಿಲಿಕನ್ ಕಿವಿಯ ಯಂತ್ರವೊಂದನ್ನು ರೂಪಿಸಿ ಅದಕ್ಕೆ ಆಕ್ಸಿಮೀಟರ್ ಎಂದು ಹೆಸರಿಟ್ಟರು. ಆದರೆ ಚರ್ಮ, ಮಾಂಸ, ನರಗಳ ರಕ್ತ ಎಲ್ಲವೂ ಬೆಳಕನ್ನು ಹೀರುತ್ತವೆ. ಶುದ್ಧ ರಕ್ತದ ಪಾಲು ಎಷ್ಟೆಂದು ಬೇರ್ಪಡಿಸುವುದು ಹೇಗೆ?

ಆ ಗಂಟನ್ನು ಬಿಡಿಸಿದವರು ಜಪಾನಿನ ನಿಹೊನ್ ಕೊಹ್ದೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೊಯಾಗಿ. 1936ರಲ್ಲಿ ನೀಗಾತಾ ಪ್ರಾಂತ್ಯದಲ್ಲಿ ಹುಟ್ಟಿದ ಅವರು ಹುಡುಕುತ್ತಿದ್ದದ್ದೇ ಬೇರೆ. ರಕ್ತಕ್ಕೆ ಬಣ್ಣ ಸೇರಿಸಿ, ಹೃದಯ ನಿಮಿಷಕ್ಕೆ ಎಷ್ಟು ರಕ್ತ ಹೊರದೂಡುತ್ತದೆಂದು ಕಿವಿಯ ಮೂಲಕ ಅಳೆಯುವ ಪ್ರಯೋಗ ಅದು. ನಾಡಿಬಡಿತದಿಂದ ಗೆರೆ ಅಲುಗಾಡಿ ಲೆಕ್ಕ ಕೆಡುತ್ತಿತ್ತು. ಆ ಅಲುಗಾಟವನ್ನು ಅಳಿಸಲು ಹೊರಟಾಗ ಅವರಿಗೆ ಹೊಳೆಯಿತು: ಪ್ರತಿ ಬಡಿತಕ್ಕೆ ಹೆಚ್ಚುಕಡಿಮೆ ಆಗುವುದು ಅಪಧಮನಿಯ ರಕ್ತ ಮಾತ್ರ, ಉಳಿದದ್ದೆಲ್ಲ ಇದ್ದಲ್ಲೇ ಇರುತ್ತದೆ. ಹಾಗಾದರೆ ಅಲುಗಾಡುವ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸಾಕಲ್ಲವೇ! ಆಮ್ಲಜನಕ ಕಳೆದುಕೊಂಡ ರಕ್ತ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ತುಂಬಿಕೊಂಡ ರಕ್ತ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೆಚ್ಚು ಹೀರುತ್ತದೆ. ಎರಡರ ಅಲುಗಾಟವನ್ನು ತಾಳೆ ನೋಡಿದರೆ ಉತ್ತರ ಸಿಗುತ್ತದೆ. ಇಂದಿನ ಅಗ್ಗದ ಯಂತ್ರವೂ ಮಾಡುವುದು ಇಷ್ಟನ್ನೇ.

1974ರ ಮಾರ್ಚಿನಲ್ಲಿ ಅವರ ಕಂಪನಿ ಪೇಟೆಂಟಿಗೆ ಅರ್ಜಿ ಹಾಕಿತು. ಅದೇ ವಿಚಾರ ಹೊತ್ತು ಮಿನೋಲ್ಟಾ ಕಂಪನಿ ಬಂದದ್ದು ಸುಮಾರು ಒಂದು ತಿಂಗಳು ತಡವಾಗಿ. ವಿಪರ್ಯಾಸವೆಂದರೆ ಮೊದಲು ಬಂದವರ ಯಂತ್ರ ಹೆಚ್ಚು ಮಾರಾಟವಾಗಲಿಲ್ಲ. ಬೆರಳಿಗೆ ಹಾಕುವ ಯಂತ್ರವನ್ನು 1977ರಲ್ಲಿ ಪೇಟೆಗೆ ತಂದದ್ದು ಮಿನೋಲ್ಟಾ. 1980ರ ದಶಕದಲ್ಲಿ ಅಮೆರಿಕದ ಬಯಾಕ್ಸ್, ನೆಲ್‌ಕೋರ್ ಕಂಪನಿಗಳು ಅದನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ದವು. ತಂತಿ, ಪೆಟ್ಟಿಗೆ ಇಲ್ಲದೆ ಎಲ್ಲವೂ ಬೆರಳ ಮೇಲೆಯೇ ಕೂರುವ ಮಾದರಿಯನ್ನು 1995ರಲ್ಲಿ ತಂದದ್ದು ನೋನಿನ್ ಎಂಬ ಕಂಪನಿ.

ಅಯೊಯಾಗಿ 2020ರ ಏಪ್ರಿಲ್ 18ರಂದು ತೀರಿಕೊಂಡರು. ಎರಡೇ ದಿನಗಳ ನಂತರ ಅಮೆರಿಕದ ವೈದ್ಯ ರಿಚರ್ಡ್ ಲೆವಿಟನ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಕೊರೊನಾ ರೋಗಿಗಳು ಏದುಸಿರಿಲ್ಲದೆ ಮಾತಾಡುತ್ತಿರುವಾಗಲೇ ಅವರ ಆಮ್ಲಜನಕ ಅಪಾಯದ ಮಟ್ಟಕ್ಕೆ ಕುಸಿದಿರುತ್ತದೆಂದು ಬರೆದರು. ಜಗತ್ತೆಲ್ಲ ಆ ಯಂತ್ರಕ್ಕಾಗಿ ಅಂಗಡಿಗೆ ಓಡಿತು.

ನಮ್ಮ ಕಡೆ ಇದರ ಬೆಲೆ ಗೊತ್ತಾದದ್ದು 2021ರ ಎರಡನೇ ಅಲೆಯಲ್ಲಿ. ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಅಸುನೀಗಿದ ಸುದ್ದಿ ಇಡೀ ರಾಜ್ಯವನ್ನು ನಡುಗಿಸಿತು. ಅದೇ ಮೇ 16ರಂದು ಕೇಂದ್ರ ಆರೋಗ್ಯ ಸಚಿವಾಲಯ ಹಳ್ಳಿಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಪ್ರತಿ ಹಳ್ಳಿಯಲ್ಲಿ ಸಾಕಷ್ಟು ಆಕ್ಸಿಮೀಟರ್ ಇರಬೇಕು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ರೋಗಿಯ ಮನೆಗೆ ಎರವಲು ಕೊಡಬೇಕು, ಒಬ್ಬರು ಬಳಸಿದ ಮೇಲೆ ಸ್ಯಾನಿಟೈಸರ್ ಅದ್ದಿದ ಹತ್ತಿಯಿಂದ ಒರೆಸಬೇಕು, 94ಕ್ಕಿಂತ ಇಳಿದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ಅದರಲ್ಲಿತ್ತು. ಯಂತ್ರವನ್ನು ಎರವಲು ಕೊಡುವ ಈ ಏರ್ಪಾಟು ನನ್ನ ದೃಷ್ಟಿಯಲ್ಲಿ ಆ ಕಾಲದ ಅತ್ಯಂತ ವಿವೇಕದ ಮಾತು. ತಾಳಗುಪ್ಪದಿಂದ ಸಾಗರ ಹತ್ತಿರವೇ ಇದೆ, ನಿಜ. ಶಿವಮೊಗ್ಗಕ್ಕೆ 80 ಕಿ.ಮೀ.ಗೂ ಹೆಚ್ಚು. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದವರಿಗಂತೂ ಆಗ ಸಾಗರಕ್ಕೆ ಹತ್ತಿರದ ದಾರಿ ಲಾಂಚ್ ಒಂದೇ. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈ 14ರಂದು. ಲಾಂಚ್ ನಿಂತ ಮೇಲೆ ಉಸಿರು ಕಟ್ಟಿದರೆ ಗತಿಯೇನು? ಮಧ್ಯಾಹ್ನವೇ 93 ಎಂದು ತಿಳಿಯುವುದಕ್ಕೂ ರಾತ್ರಿ ತಿಳಿಯುವುದಕ್ಕೂ ಜೀವದಷ್ಟು ಅಂತರ.

ಬೇಡಿಕೆ ಏರಿದಾಗ ಬೆಲೆಯೂ ಏರಿತು. 2021ರ ಜುಲೈನಲ್ಲಿ ಸರ್ಕಾರ ಆಕ್ಸಿಮೀಟರ್ ಸೇರಿ ಐದು ಉಪಕರಣಗಳ ಮೇಲಿನ ವ್ಯಾಪಾರಿ ಲಾಭಕ್ಕೆ ಶೇ. 70ರ ಮಿತಿ ಹಾಕಿತು. ಎರಡನೇ ಅಲೆ ಇಳಿದ ಮೇಲೆ ಎಂಬುದನ್ನೂ ಹೇಳಬೇಕು.

ಯಂತ್ರ ಯಾವಾಗಲೂ ಸತ್ಯ ಹೇಳುವುದಿಲ್ಲ. ಮಳೆಯಲ್ಲಿ ತಣ್ಣಗಾದ ಬೆರಳಿಗೆ ನಾಡಿ ಸರಿಯಾಗಿ ಸಿಗದು. ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಉಗುರಿನ ಬಣ್ಣ ಅಡ್ಡ ಬರುತ್ತದೆ. ಕೆಂಪು ಮದರಂಗಿಯಿಂದ ಹೆಚ್ಚು ತೊಂದರೆಯಿಲ್ಲ, ಕಪ್ಪು ಮದರಂಗಿ ಬೆಳಕನ್ನೇ ತಡೆಯಬಹುದು. ಮದುವೆ ಮನೆಯ ಹೆಣ್ಣುಮಕ್ಕಳು ನೆನಪಿಡಬೇಕು. ಅಡಿಕೆ ಸುಲಿದು ಚೊಗರು ಹಿಡಿದ ಬೆರಳಿಗಿಂತ ಶುಭ್ರವಾದ ಬೆರಳೇ ಮೇಲು. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರ ರಕ್ತದಲ್ಲಿ ಇಂಗಾಲದ ಮಾನಾಕ್ಸೈಡ್ ಸೇರಿದ್ದರೆ ಯಂತ್ರ ಅದನ್ನೂ ಆಮ್ಲಜನಕವೆಂದೇ ಎಣಿಸಿ 98 ತೋರಿಸೀತು.

ಎಲ್ಲಕ್ಕಿಂತ ಗಂಭೀರವಾದದ್ದು ಚರ್ಮದ ಬಣ್ಣದ ಪ್ರಶ್ನೆ. ಕಪ್ಪು ಚರ್ಮದವರಲ್ಲಿ ಅಳತೆ ತಪ್ಪುತ್ತದೆಂದು 1990ರಲ್ಲೇ ಅಮೆರಿಕದ ಇಬ್ಬರು ವೈದ್ಯರು ತೋರಿಸಿದ್ದರು, ಯಾರೂ ಕಿವಿಗೊಡಲಿಲ್ಲ. 2020ರ ಡಿಸೆಂಬರಿನಲ್ಲಿ ಮಿಷಿಗನ್ನಿನ ಸಂಶೋಧಕರು, ಯಂತ್ರ 92ರಿಂದ 96 ತೋರಿಸುತ್ತಿದ್ದಾಗಲೂ ನಿಜವಾಗಿ 88ಕ್ಕಿಂತ ಕೆಳಗಿದ್ದವರು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಎಂದು ಪ್ರಕಟಿಸಿದರು. ಬಿಸಿಲಿನಲ್ಲಿ ದುಡಿಯುವ ನಮ್ಮ ಜನರಿಗೆ ಇದು ದೂರದ ಸುದ್ದಿಯಲ್ಲ. ಬೇರೆ ಬೇರೆ ಚರ್ಮವರ್ಣದ ಕನಿಷ್ಠ 150 ಜನರ ಮೇಲೆ ಯಂತ್ರವನ್ನು ಪರೀಕ್ಷಿಸಬೇಕೆಂಬ ಕರಡು ಸೂಚನೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಜನವರಿಯಲ್ಲಿ ಹೊರಡಿಸಿತು. ನಮ್ಮ ಮನೆಯ ಕಪಾಟಿನಲ್ಲಿರುವ ಯಂತ್ರಗಳು ಅದಕ್ಕೆ ಮುಂಚಿನವು. ಅಂಕಿ ಒಳ್ಳೆಯದಿದ್ದರೂ ರೋಗಿಗೆ ಸುಸ್ತು, ಏದುಸಿರು ಇದ್ದರೆ ಅಂಕಿಯನ್ನು ಬದಿಗಿಟ್ಟು ಆಸ್ಪತ್ರೆಗೆ ಹೊರಡಬೇಕು.