ನೀರೊಳಗಿನ ಗಂಟೆ, ನೀರೊಳಗಿನ ಬೆಳಕು

ಮಿಂಚು ಕಂಡ ಮೇಲೆಯೇ ಗುಡುಗು ಕೇಳಿಸುತ್ತದೆ. ಬೆಳಕಿಗಿಂತ ಶಬ್ದ ನಿಧಾನವೆಂಬುದನ್ನು ಮಳೆಗಾಲವೇ ನಮಗೆ ಕಲಿಸಿದೆ. ಆದರೆ ಗಾಳಿಯನ್ನು ಬಿಟ್ಟು ನೀರನ್ನು ಹೊಕ್ಕಾಗ ಇವೆರಡರ ನಡೆ ಹೇಗಿರುತ್ತದೆ?

1826ರಲ್ಲಿ ಜಿನೀವಾದ ಇಬ್ಬರು ತರುಣರು, ಕೊಲಾಡನ್ ಮತ್ತು ಸ್ಟರ್ಮ್, ತಮ್ಮೂರ ಸರೋವರದಲ್ಲಿ ಶಬ್ದದ ವೇಗವನ್ನು ಅಳೆಯಲು ಮುಂದಾದರು. ರೋಲ್ ಪಟ್ಟಣದ ಬಳಿ ದೋಣಿಯೊಂದರಿಂದ ಗಂಟೆಯನ್ನು ನೀರಿಗಿಳಿಸಲಾಯಿತು. ಸುತ್ತಿಗೆ ಗಂಟೆಗೆ ಬಡಿದ ಕ್ಷಣದಲ್ಲೇ ಮೇಲೆ ಮದ್ದಿನಪುಡಿ ಹೊತ್ತಿಕೊಳ್ಳುವಂತೆ ಏರ್ಪಾಡಾಗಿತ್ತು. ಸುಮಾರು ಹದಿಮೂರೂವರೆ ಕಿಲೋಮೀಟರ್ ಆಚೆ, ತೊನೊಂ ಕಡೆಯ ದಡದ ಬಳಿ, ಕೊಲಾಡನ್ ಇರುಳಿನಲ್ಲಿ ಕುಳಿತು ನೀರಿಗಿಳಿಸಿದ ಉದ್ದನೆಯ ಕೊಳವೆಗೆ ಕಿವಿಗೊಟ್ಟಿದ್ದರು. ಬೆಳಕು ಕಂಡ ಒಂಬತ್ತು ಸೆಕೆಂಡುಗಳಿಗೂ ತುಸು ಹೆಚ್ಚು ಹೊತ್ತಿನ ಬಳಿಕ ಗಂಟೆಯ ಸದ್ದು ಬಂದಿತು. ಅವರ ಲೆಕ್ಕದಂತೆ ವೇಗ ಸೆಕೆಂಡಿಗೆ 1435 ಮೀಟರ್. ಗಾಳಿಯಲ್ಲಿನ ವೇಗದ ನಾಲ್ಕು ಪಟ್ಟಿಗೂ ಮಿಗಿಲು. ನೀರು ಗಾಳಿಯಂತೆ ಸುಲಭವಾಗಿ ಕುಗ್ಗದು. ಒಂದು ಕಣಕ್ಕೆ ಬಿದ್ದ ಒತ್ತಡವನ್ನು ಮುಂದಿನದಕ್ಕೆ ಬೇಗನೆ ದಾಟಿಸುತ್ತದೆ.

ಬೆಳಕಿನ ವಿಷಯ ಇಷ್ಟು ಸರಳವಾಗಿರಲಿಲ್ಲ. ಬೆಳಕು ಕಣಗಳ ಪ್ರವಾಹವೆಂದ ನ್ಯೂಟನ್ನರ ವಾದ ನಿಜವಾದರೆ ಅದು ನೀರಿನಲ್ಲಿ ಹೆಚ್ಚು ವೇಗವಾಗಿ ಸಾಗಬೇಕು. ಅಲೆಯೆಂದ ಹೈಗನ್ಸ್‌ರ ವಾದ ನಿಜವಾದರೆ ನಿಧಾನವಾಗಬೇಕು. ಇದನ್ನು ತೀರ್ಮಾನಿಸಲು, ವೇಗವಾಗಿ ತಿರುಗುವ ಕನ್ನಡಿಯನ್ನು ಬಳಸುವ ಉಪಾಯವನ್ನು ಫ್ರಾನ್ಸಿನ ಅರಾಗೊ 1838ರಲ್ಲಿ ಮುಂದಿಟ್ಟರು. ಆದರೆ ಪ್ರಯೋಗ ಕೈಗೂಡುವ ಮೊದಲೇ ಅವರ ದೃಷ್ಟಿ ಕುಂದಿತು. 1850ರಲ್ಲಿ ಅವರು ಆ ಕಾರ್ಯವನ್ನು ಇತರರಿಗೆ ಬಿಟ್ಟುಕೊಟ್ಟರು. ಅದೇ ವರ್ಷ ಫೂಕೊ, ಕೆಲವೇ ವಾರಗಳಲ್ಲಿ ಫಿಜೊ, ಬೆಳಕು ನೀರಿನಲ್ಲಿ ನಿಧಾನವಾಗುತ್ತದೆಂದು ತೋರಿಸಿಕೊಟ್ಟರು. ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕು ನೀರಿನಲ್ಲಿ ಸುಮಾರು 2.25 ಲಕ್ಷ ಕಿಲೋಮೀಟರ್ ಸಾಗುತ್ತದೆಂದು ಇಂದು ನಾವು ಬಲ್ಲೆವು.

ಶಬ್ದಕ್ಕೆ ವೇಗ ಕೊಡುವ ನೀರೇ ಬೆಳಕಿನ ವೇಗವನ್ನು ತಗ್ಗಿಸುತ್ತದೆ. ಶಬ್ದಕ್ಕೆ ಸಾಗಲು ಆಸರೆಯೊಂದು ಬೇಕೇ ಬೇಕು. ಬೆಳಕಾದರೋ ಬರಿದಾದ ಬಾನನ್ನೂ ದಾಟಿ ಬರುತ್ತದೆ. ಆ ಬೆಳಕಿನ ನಡೆಯನ್ನು ಅಳೆಯುವ ದಾರಿ ತೋರಿದ ಅರಾಗೊ ಅವರಿಗೆ ಅದನ್ನು ಕಣ್ಣಾರೆ ಕಾಣುವ ಭಾಗ್ಯ ದೊರೆಯಲಿಲ್ಲ. ಆದರೂ ತಾವು ಕಂಡುಕೊಂಡ ದಾರಿಯನ್ನು ಕಿರಿಯರಿಗೆ ತೆರೆದಿಟ್ಟರು. ವಿಜ್ಞಾನದ ಇತಿಹಾಸದಲ್ಲಿ ಆ ಔದಾರ್ಯಕ್ಕೂ ಒಂದು ಸ್ಥಾನವಿದೆ.